ಆಯುಧಪೂಜೆಯ ದಿನ ನಾಲ್ಕನೆಯ ಕಾಲು ಕೂತದ್ದು

ನಾನು ನಿಂತಿದ್ದದ್ದು ನೀರಿನ ಸಂಪಿನ ತಗಡಿನ ಮುಚ್ಚಳದ ಮೇಲೆ. ಎಡಕ್ಕೆ ಒತ್ತಿಕೊಂಡೇ ಗೋಡೆ, ಬಟ್ಟೆ ಒಗೆಯುವ ಕಲ್ಲು ನನ್ನ ಬಲಕ್ಕೆ ಐದು ಹೆಜ್ಜೆ, ಮೇಜು ಎದುರಿಗೆ ಎಂಟು ಹೆಜ್ಜೆ. ಪಟ್ಟಂದೂರು ಅಗ್ರಹಾರದಲ್ಲಿ ನಾಲ್ಕು ಬಾಡಿಗೆ ಮನೆಗಳ ಒಂದು ವಠಾರ. ತೊಂಬತ್ತಾರನೆಯ ಇಸವಿಯ ಆಯುಧಪೂಜೆಯ ದಿನ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಗಡಿಯಾರ ನೋಡಿದ್ದು ಆಮೇಲೆ. ಮೊದಲು ನೋಡಿಕೊಂಡದ್ದು ನನ್ನ ಎಡಗಿವಿ ಇದ್ದಲ್ಲೇ ಇದೆಯೇ ಎಂದು.

ಇಷ್ಟು ಖಚಿತವಾಗಿ ಬರೆಯುವುದಕ್ಕೆ ಕಾರಣವಿದೆ. ಆ ದಿನ ವಠಾರದ ಯಜಮಾನಿಯ ಕೈ ಜಾರಿತು ಎನ್ನುವವರು ಕೆಲವರು, ಜಾರಲಿಲ್ಲ ಎನ್ನುವವರು ಕೆಲವರು. ಈ ಎರಡೂ ಗುಂಪಿನಲ್ಲಿ ಹೆಚ್ಚಿನವರು ಅಂದು ಅಲ್ಲಿ ಇರಲೇ ಇಲ್ಲ. ನಾನು ಇದ್ದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ.

ಆಗ ನಾನು ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದೆ. ಲೇತಿನಿಂದ ಇಳಿದ ಬಿಡಿಭಾಗಗಳನ್ನು ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ ಕಟ್ಟುವುದು. ಇದನ್ನು ದಿನಕ್ಕೆ ಎಂಟು ಗಂಟೆ ಮಾಡಿದವನು ಮನೆಗೆ ಬಂದಮೇಲೆ ಬೇರೆ ಮನುಷ್ಯನಾಗುವುದು ಕಷ್ಟ. ವಠಾರದಲ್ಲಿ ನನ್ನನ್ನು ಅಳತೆ ಸಾರ್ ಎಂದು ಕರೆಯುತ್ತಿದ್ದರು. ಗೌರವದಿಂದ ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ಹೆಂಡತಿ ಹಬ್ಬಕ್ಕೆ ದಾವಣಗೆರೆಯ ತವರಿಗೆ ಹೋಗಿದ್ದಳು. ತಾನು ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂಬುದು ಅವಳ ಅಭಿಪ್ರಾಯ. ಅದನ್ನು ಅಲ್ಲಗಳೆಯಲು ನನ್ನ ಬಳಿ ಪುರಾವೆ ಇಲ್ಲ.

ಮೇಜು ಬೇಕಾಗಿದ್ದದ್ದು ಪಕ್ಕದ ಮನೆಯ ಅಕ್ಕನಿಗೆ. ಅವರ ಗಂಡ ಲಾರಿ ಓಡಿಸುತ್ತಿದ್ದರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದರು. ಅಕ್ಕನ ಇಡ್ಲಿ ವಠಾರದಲ್ಲಿ ಹೆಸರಾಗಿತ್ತು. ಆಗ ಊರಿನ ಮಗ್ಗುಲಲ್ಲೇ ದೊಡ್ಡ ಐಟಿ ಪಾರ್ಕು ಏಳುತ್ತಿತ್ತು, ನೂರಾರು ಜನ ಹಗಲೂ ರಾತ್ರಿ ಕಾಂಕ್ರೀಟು ಹಾಕುತ್ತಿದ್ದರು. ಪಾರ್ಕಿನ ಎರಡನೆಯ ಗೇಟಿನ ಹೊರಗೆ ಒಂದು ಹೊಂಗೆ ಮರ. ಅದರ ನೆರಳಿನಲ್ಲಿ ಕುಳಿತು ಬೆಳಗಿನ ತಿಂಡಿ ಮಾರಬೇಕೆಂದು ಅಕ್ಕ ಹೊರಟಿದ್ದರು. ಅದೇ ನೆರಳಿನ ಮೇಲೆ ಕುಂದಲಹಳ್ಳಿಯ ಒಬ್ಬ ಬೋಂಡಾದವನ ಕಣ್ಣೂ ಇತ್ತು. ಅವನ ತಳ್ಳುಗಾಡಿ ಇನ್ನೂ ವೆಲ್ಡಿಂಗ್ ಅಂಗಡಿಯಲ್ಲಿತ್ತು, ವಿಜಯದಶಮಿಯ ಬೆಳಿಗ್ಗೆ ಕೈಗೆ ಬರುವುದಿತ್ತು.

ಇಬ್ಬರೂ ಹೋಗಿ ಕೇಳಿದ್ದರಿಂದ ಸೈಟಿನ ಮೇಸ್ತ್ರಿ ತನಗೆ ತೋಚಿದ ನ್ಯಾಯ ಹೇಳಿದ್ದರು. ದಶಮಿಯ ದಿನ ಬೆಳಿಗ್ಗೆ ಆರಕ್ಕೆ ಶಿಫ್ಟು ಬದಲಾಗುತ್ತದೆ, ಆ ಹೊತ್ತಿಗೆ ಯಾರ ಸಾಮಾನು ಮರದ ಕೆಳಗೆ ನಿಂತಿರುತ್ತದೋ ಜಾಗ ಅವರದು. ಒಂದೇ ಷರತ್ತು: ಪಾತ್ರೆಯನ್ನು ನೆಲದ ಮೇಲೆ ಇಟ್ಟು ಮಾರುವ ಹಾಗಿಲ್ಲ. ಲಾರಿಯ ಧೂಳು, ನಾಯಿ, ಆಮೇಲೆ ಯಾರಾದರೂ ಸಾಹೇಬರು ಬಂದರೆ ಬೈಗುಳ ತನಗೆ ಎಂದರಂತೆ.

"ನಂಗೆ ಬೇರೆ ಏನೂ ಬೇಡ ಸಾರ್," ಎಂದು ಅಕ್ಕ ನನಗೆ ಹೇಳಿದ್ದರು. "ಆರು ಗಂಟೆಗೆ ಒಂದು ಮೇಜು ಅಲ್ಲಿ ನಿಂತಿರ್ಬೇಕು. ನಿಂತಿದ್ರೆ ನಾನು ಬದುಕ್ಕೊಂಡೆ."

ಮೇಜು ಹಗುರಾಗಿರಬೇಕಿತ್ತು, ಅಕ್ಕ ಅದನ್ನು ದಿನಾ ತಲೆಯ ಮೇಲೆ ಹೊತ್ತು ಹೋಗಿ ಬರುವವರು. ಬಿಸಿಲಿಗೂ ಮಳೆಗೂ ತಡೆಯಬೇಕಿತ್ತು. ಮರದ ವ್ಯವಸ್ಥೆ ನಾನು ವಹಿಸಿಕೊಂಡೆ. ಹೊರದೇಶದಿಂದ ಯಂತ್ರಗಳು ಬರುತ್ತಿದ್ದ ಪೈನ್ ಮರದ ಪೆಟ್ಟಿಗೆಗಳನ್ನು ನಮ್ಮ ಕಾರ್ಖಾನೆಯಲ್ಲಿ ಕೇಳಿದವರಿಗೆ ಗೇಟ್‌ಪಾಸ್ ಮಾಡಿ ಕೊಡುತ್ತಿದ್ದರು. ಆ ಕಾಲದಲ್ಲಿ ನಮ್ಮ ಕಡೆಯ ಯಾವ ಮನೆಗೆ ಹೋದರೂ ಚಪ್ಪಲಿ ಗೂಡಿನ ಮೇಲೆ ಕಪ್ಪು ಬಣ್ಣದಲ್ಲಿ ಒಂದು ಕೊಡೆಯೋ ಒಂದು ಗಾಜಿನ ಲೋಟವೋ ಅಚ್ಚಾಗಿರುತ್ತಿತ್ತು. ನೆನೆಸಬೇಡಿ, ಒಡೆಯಬೇಡಿ ಎಂಬ ಗುರುತು. ಅಂಥ ಏಳು ಹಲಗೆ ನಾನು ತಂದೆ.

ನಕ್ಷೆಯನ್ನೂ ನಾನೇ ಬರೆದೆ. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ, ಮೂರು ನೋಟ. ಎಲ್ಲ ಅಳತೆಯೂ ಮಿಲಿಮೀಟರಿನಲ್ಲಿ. ಹೆಚ್ಚು ಕಡಿಮೆ ಅರ್ಧ ಮಿಲಿಮೀಟರು ಇರಬಹುದು ಎಂದು ಮೂಲೆಯಲ್ಲಿ ಬರೆದಿದ್ದೆ. ಮೇಜಿನ ಮೇಲ್ಭಾಗದ ಹಲಗೆಗಳ ನಡುವೆ ಎಂಟು ಮಿಲಿಮೀಟರು ಸಂದು, ಮಳೆ ನೀರು ಇಳಿದುಹೋಗಲು. ಈ ಸಂದಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಮಾಡುವವರು ನಮ್ಮ ಬೀದಿಯ ಕೊನೆಯಲ್ಲಿದ್ದ ಆಚಾರಿ. ಹಗಲು ಅದೇ ಐಟಿ ಪಾರ್ಕಿನಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಕೆಲಸ, ಸಂಜೆ ಇಂಥವು. ಅಕ್ಕ ಅವರಿಗೆ ದೂರದ ನಂಟು. ನಕ್ಷೆಯನ್ನು ಅವರು ಉದ್ದಕ್ಕೆ ಹಿಡಿದು ನೋಡಿದರು, ಅಡ್ಡಕ್ಕೆ ಹಿಡಿದು ನೋಡಿದರು.

"ಸಾರ್, ಇದು ಮೇಜಾ ರಾಕೆಟ್ಟಾ?"

ಹಲಗೆಯ ನಡುವೆ ಸಂದು ಬಿಟ್ಟರೆ ಇಡ್ಲಿ ಸರಿ, ಚಟ್ನಿ ಏನಾಗಬೇಕು ಎಂದು ಕೇಳಿದರು. ಆಮೇಲೆ ನಕ್ಷೆಯನ್ನು ಮಗುಚಿ ಹಿಂಬದಿಯಲ್ಲಿ ನಾಲ್ಕು ಗೆರೆ ಎಳೆದು, ಅದನ್ನೇ ನೋಡಿಕೊಂಡು ಕೆಲಸ ಮಾಡಿದರು. ಅವರ ಅಳತೆ ಅಡಿ, ಅಂಗುಲ, ಅಂಗುಲದ ಎಂಟನೆಯ ಒಂದು ಪಾಲಿಗೆ ನೂಲು. ಆದರೆ ಸಂದನ್ನು ನಕ್ಷೆಯಲ್ಲಿದ್ದಂತೆಯೇ ಉಳಿಸಿಕೊಂಡರು. ಮೊಳೆ ಮಾತ್ರ ಬೇಡವೆಂದರು. ಹೊರಗೆ ನೆನೆಯುವ ಮೇಜಿಗೆ ಮೊಳೆ ಹೊಡೆದರೆ ಅದರ ಆಯಸ್ಸು ಒಂದು ಮಳೆಗಾಲ. ಕಾಲಿನ ತುದಿಯನ್ನು ಕೊರೆದು ನಾಲಿಗೆ ತೆಗೆಯಬೇಕು, ಮೇಲಿನ ಪಟ್ಟಿಯಲ್ಲಿ ಅದೇ ಅಳತೆಯ ತೂತು ಕೊರೆಯಬೇಕು, ನಾಲಿಗೆ ತೂತಿನಲ್ಲಿ ಬಿಗಿಯಾಗಿ ಕೂತುಬಿಟ್ಟರೆ ಮತ್ತೆ ಬಿಡಬಾರದು. ಈ ವಿಷಯದಲ್ಲಿ ನಾವಿಬ್ಬರೂ ಒಂದೇ ಅಭಿಪ್ರಾಯದವರಾಗಿದ್ದೆವು. ಬೇರೆ ಯಾವ ವಿಷಯದಲ್ಲೂ ಅಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಜು ಅಂಗಳದಲ್ಲಿ ಗೋಣಿಚೀಲದ ಮೇಲೆ ಬೋರಲಾಗಿ ಬಿದ್ದುಕೊಂಡಿತ್ತು. ಮೂರು ಕಾಲು ಕೂತು ಆಕಾಶ ನೋಡುತ್ತಿದ್ದವು. ಹಿಂದಿನ ಎರಡು ದಿನ ಮಳೆ ಹಿಡಿದಿದ್ದರಿಂದ ನಾಲ್ಕನೆಯ ಕಾಲಿನ ನಾಲಿಗೆ ಊದಿಕೊಂಡಿತ್ತು. ಒಂದು ನೂಲು ದಪ್ಪ. ಉಳಿಯಿಂದ ಸವರಿ, ಕೊಡತಿಯಿಂದ ನಾಲ್ಕು ಏಟು ಕೊಟ್ಟರೆ ಮುಗಿಯಿತು, ಅರ್ಧ ಗಂಟೆಯ ಕೆಲಸ ಎಂದರು ಆಚಾರಿ. ಮನೆಗೆ ಹೋಗಿ ಸ್ನಾನ, ಊಟ ಮುಗಿಸಿ ಬರುತ್ತೇನೆ, ಅಜ್ಜಿ ಬಂದು ಕೇಳಿದರೆ ನನ್ನ ಪೆಟ್ಟಿಗೆ ಕೊಟ್ಟುಬಿಡಿ ಎಂದು ನನಗೆ ಹೇಳಿ ಹೋದರು.

ಅಜ್ಜಿ ಎಂದರೆ ವಠಾರದ ಯಜಮಾನಿ. ಮನೆಗಳ ಪತ್ರ ಮಗನ ಹೆಸರಿನಲ್ಲಿದ್ದರೂ ಅಪ್ಪಣೆ ಅವರದು. ಅವರ ರಾಗಿ ಹೊಲದ ಮೇಲೆ ಈಗ ಐಟಿ ಪಾರ್ಕಿನ ಜನರೇಟರ್ ಕೋಣೆ ಎದ್ದಿದ್ದರೂ, ಕುಡುಗೋಲು, ಗುದ್ದಲಿ, ನೇಗಿಲ ಗುಳ ಎಲ್ಲವನ್ನೂ ಮೊದಲಿನಂತೆ ತೊಳೆದು ಪೂಜೆಗೆ ಇಡುತ್ತಿದ್ದರು. ವಠಾರದಲ್ಲಿ ಯಾರ ಮನೆಯಲ್ಲಿ ಏನು ಉಪಕರಣವಿದ್ದರೂ ಅದೂ ಅವರ ಜಗುಲಿಗೆ ಬರಬೇಕು. ಕುಂಕುಮ ಬಿದ್ದ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಮರುದಿನ ಬೆಳಿಗ್ಗೆ ಮರುಪೂಜೆಯಾಗಿ ಬನ್ನಿ ಸೊಪ್ಪು ಇಟ್ಟ ಮೇಲೆಯೇ ಅವು ಕೈಗೆ ಸಿಗುವುದು. ಅದು ಒಂಬತ್ತು ಗಂಟೆಗೆ ಮುಂಚೆ ಆದದ್ದೇ ಇಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಅಜ್ಜಿ ಬಂದರು. ಇನ್ನು ಮುಂದಿನದು ನನ್ನ ತಪ್ಪು, ಅದನ್ನು ಮುಚ್ಚಿಡುವುದಿಲ್ಲ.

ಆಚಾರಿಯ ಉಪಕರಣಗಳನ್ನು ನಾನು ಮೊದಲ ದಿನವೇ ಪಟ್ಟಿ ಮಾಡಿಕೊಂಡಿದ್ದೆ. ಅಂಗಳದಲ್ಲಿ ಕೆಲಸ, ನಾಲ್ಕು ಮನೆಯ ಜನ ಓಡಾಡುತ್ತಾರೆ, ಏನಾದರೂ ಕಳೆದರೆ ಮಾತು ಬರುತ್ತದೆ ಎಂದು. ಒಟ್ಟು ಹದಿನೇಳು. ಪೆಟ್ಟಿಗೆ ಕೊಡುವ ಮುನ್ನ ಎಣಿಸಿದೆ. ಹದಿನೈದು ಇದ್ದವು. ಒಂದು ಉಳಿ, ಒಂದು ಕೊಡತಿ ಇಲ್ಲ. ಅಜ್ಜಿಯನ್ನು ಎರಡು ನಿಮಿಷ ನಿಲ್ಲಿಸಿ ಹುಡುಕಿದೆ. ಮೇಜಿನ ಪಕ್ಕ ಇನ್ನೊಂದು ಗೋಣಿ ಮಡಿಸಿಟ್ಟಿತ್ತು. ಅದನ್ನು ಎತ್ತಿದರೆ ಮರದ ಸಿಪ್ಪೆಯ ಕೆಳಗೆ ಎರಡೂ ಜೋಡಿಯಾಗಿ ಮಲಗಿದ್ದವು. ಒರೆಸಿ ಕೊಟ್ಟೆ.

"ಇಷ್ಟೇಯಾ?" ಎಂದರು ಅಜ್ಜಿ.

"ಹದಿನೇಳೂ ಇದಾವೆ ಅಜ್ಜಿ," ಎಂದೆ. ಬಿಡಿಭಾಗ ಅಳೆಯುವ ನನ್ನ ವರ್ನಿಯರನ್ನೂ ತಂದು ಕೊಟ್ಟೆ. ಯಾರೂ ಕೇಳಿರಲಿಲ್ಲ.

ಆಚಾರಿ ಒಂದೂವರೆಗೆ ಬಂದರು. ಹಣೆಗೆ ವಿಭೂತಿ, ಮಡಿಸಿದ ಪಂಚೆ. ನೇರವಾಗಿ ಆ ಗೋಣಿಯ ಬಳಿ ಹೋಗಿ ಎತ್ತಿದರು. ಕೆಳಗೆ ನೋಡಿದರು. ಗೋಣಿಯನ್ನು ಮೆಲ್ಲಗೆ ಇಟ್ಟರು.

"ಸಾರ್, ಇಲ್ಲೊಂದು ಉಳಿ, ಒಂದು ಕೊಡತಿ ಇತ್ತಲ್ಲ."

"ಹೌದ್ರೀ. ನೀವು ಮರೆತು ಹೋಗಿದ್ರಿ. ಹುಡುಕಿ ಪೂಜೆಗೆ ಕೊಟ್ಟೆ."

ಆಚಾರಿ ಕೈಗೆ ಅಂಟಿದ್ದ ಮರದ ಸಿಪ್ಪೆ ಕೊಡವಿಕೊಂಡರು. "ಮೂವತ್ತು ವರ್ಷದಿಂದ ಪ್ರತಿ ಆಯುಧಪೂಜೆಗೂ ಎರಡು ಮರೀತೀನಿ ಸಾರ್," ಎಂದರು. "ಇವತ್ತಿನ ತನಕ ಯಾರೂ ಹುಡುಕಿ ಕೊಟ್ಟಿರ್ಲಿಲ್ಲ."

ಆಗ ನನಗೆ ಅರ್ಥವಾಯಿತು. ಹಬ್ಬದ ದಿನ ಕೆಲಸ ಮುಗಿಸಬೇಕಾಗಿ ಬಂದ ಪ್ರತಿಯೊಬ್ಬ ಆಚಾರಿಯೂ ಹಾಗೆ ಒಂದೆರಡು ಉಪಕರಣವನ್ನು ದೇವರ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳುತ್ತಾನೆ. ಪೂಜೆಯಾದದ್ದನ್ನು ಮುಟ್ಟಿದರೆ ದೋಷ, ಪೂಜೆಯಾಗದ್ದಕ್ಕೆ ಏನೂ ಇಲ್ಲ. ಇದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಣಿಸುವವನಿಗೆ ಮಾತ್ರ ಗೊತ್ತಿರಲಿಲ್ಲ.

ಅಕ್ಕ ಹೊರಗೆ ಬಂದರು. ಅಕ್ಕಿ, ಉದ್ದು ಬೆಳಿಗ್ಗೆಯೇ ರುಬ್ಬಿ ಇಟ್ಟಿದ್ದರು, ಕೈಯಲ್ಲಿ ಇನ್ನೂ ಹಿಟ್ಟಿನ ವಾಸನೆ. ಸಂಗತಿ ಕೇಳಿ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ಸಾರ್, ನೀವು ಫ್ಯಾಕ್ಟ್ರಿಲೂ ಹಿಂಗೇನಾ?" ಎಂದು ಮಾತ್ರ ಕೇಳಿದರು.

ಮೂವರೂ ಜಗುಲಿಗೆ ಹೋದೆವು. ಅಜ್ಜಿ ಕಂಬಕ್ಕೆ ಒರಗಿ ಕುಳಿತಿದ್ದರು. ಹಿಂದೆ ಸಾಲಾಗಿ ಆಯುಧಗಳು, ಚೆಂಡುಹೂವು, ಪ್ರತಿಯೊಂದಕ್ಕೂ ಕುಂಕುಮ. ನನ್ನ ವರ್ನಿಯರ್ ಕುಡುಗೋಲಿನ ಪಕ್ಕ ಮದುಮಗನ ಹಾಗೆ ಕುಳಿತಿತ್ತು. ಆಚಾರಿ ಕೇಳುವ ಧೈರ್ಯ ಮಾಡಲಿಲ್ಲ, ನಾನೇ ಕೇಳಿದೆ: ಒಂದೇ ಒಂದು ಉಳಿ, ಅರ್ಧ ಗಂಟೆ.

"ಈಗ ತಾನೇ ಕುಂಡ್ರಿಸಿ ಕೈ ಮುಗ್ದಿದೀನಿ," ಎಂದರು ಅಜ್ಜಿ. "ಮನೇಗ್ ಬಂದೋರನ್ನ ಎಲೆ ಮುಂದಿಂದ ಎಬ್ಬಿಸ್ತಾರಾ? ನಾಳೆ ಒಂಬತ್ತಕ್ಕೆ ಬನ್ನಿ."

ಅಕ್ಕ ಆರು ಗಂಟೆಯ ವಿಷಯ ಹೇಳಿದರು. ಅಜ್ಜಿ ಕೇಳಿಸಿಕೊಂಡರು, ಅಯ್ಯೋ ಎಂದರು, ಎಲೆಗೆ ಸುಣ್ಣ ಸವರಿದರು. ಉಳಿ ಕೊಡಲಿಲ್ಲ.

ಮೂರು ಕಾಲು ಇದೆಯಲ್ಲ, ನಾಲ್ಕನೆಯದಕ್ಕೆ ಇಟ್ಟಿಗೆ ಪೇರಿಸಿದರೆ ಒಂದು ದಿನಕ್ಕೆ ಸಾಕು ಎಂದು ಆಚಾರಿ ಸೂಚಿಸಿದರು. ಹೊಂಗೆ ಮರದ ಕೆಳಗಿನ ನೆಲ ಚರಂಡಿಯ ಕಡೆಗೆ ಇಳಿಜಾರು, ಜಲ್ಲಿ ಲಾರಿ ಹೋದಾಗಲೆಲ್ಲ ಅದುರುತ್ತದೆ. ಅದರ ಮೇಲೆ ಕುದಿಯುವ ಸಾಂಬಾರಿನ ಡಬರಿ. ಅಕ್ಕ ಬೇಡವೆಂದರು. ಯಾರಾದರೂ ಸುಟ್ಟುಕೊಂಡರೆ ಜಾಗ ಸಿಕ್ಕಿ ಏನು ಪ್ರಯೋಜನ?

ಬೀದಿಯಲ್ಲೂ ಸೈಟಿನಲ್ಲೂ ಉಪಕರಣಗಳಿಗೆಲ್ಲ ಆಗಲೇ ಪೂಜೆಯಾಗಿತ್ತು. ಇನ್ನು ಉಳಿದದ್ದು ಕುಂಕುಮ ಬೀಳದ ಏನಾದರೂ ವಠಾರದಲ್ಲಿ ಇದೆಯೇ ಎಂದು ಹುಡುಕುವುದು. ಹುಡುಕುವ ಕೆಲಸ ನನಗೇ ಬಂತು. ಅದರಲ್ಲಿ ನಾನು ಪಳಗಿದವನು ಎಂದು ಆಚಾರಿ ಹೇಳಿದರು, ನಗದೆ. ನಾನು ಗೇಟಿನಿಂದ ಆರಂಭಿಸಿ ಹಿತ್ತಿಲ ತನಕ ನೋಡಿದೆ. ಈಳಿಗೆ ಮಣೆಗೆ ಕುಂಕುಮ. ಒರಳಿಗೆ ಕುಂಕುಮ. ತೆಂಗಿನ ತುರಿಮಣೆ, ಹೊಲಿಗೆ ಯಂತ್ರ, ಮೂರನೆಯ ಮನೆಯ ನರ್ಸಮ್ಮನ ಕತ್ತರಿ, ಅವರ ಜ್ವರದ ಕಡ್ಡಿ, ಎಲ್ಲಕ್ಕೂ ಆಗಿತ್ತು. ಸಂಪಿನ ಮೋಟಾರಿಗೆ ಹಾರವೇ ಬಿದ್ದಿತ್ತು. ಅಜ್ಜಿಯ ಕಣ್ಣು ತಪ್ಪಿದ್ದು ಒಂದೇ ವಸ್ತು: ಬಟ್ಟೆ ಒಗೆಯುವ ಕಲ್ಲು.

ಅದು ಒರಟಾದ ಸಾದರಹಳ್ಳಿ ಕಲ್ಲು. ಆಚಾರಿ ಅಂಗೈ ಸವರಿ ನೋಡಿದರು. ಕಾಲನ್ನು ತಂದು ಅದರ ನಾಲಿಗೆಯನ್ನು ಕಲ್ಲಿಗೆ ಉಜ್ಜಿ ನೋಡಿದರು. ಸಣ್ಣ ಪುಡಿ ಉದುರಿತು. ಆದರೆ ಉಜ್ಜುವುದರಲ್ಲಿ ಅಕ್ಕನ ಕೈ ಅವರದಕ್ಕಿಂತ ಪಳಗಿತ್ತು. ಅಕ್ಕ ಸೆರಗು ಸಿಕ್ಕಿಸಿ, ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಪ್ಯಾಂಟಿನ ಮಂಡಿ ಉಜ್ಜುವ ಹಾಗೆ ಉಜ್ಜತೊಡಗಿದರು. ಎರಡೂವರೆಯ ಹೊತ್ತಿಗೆ ನರ್ಸಮ್ಮ ಬಕೆಟ್ಟು ಹಿಡಿದು ಬಂದು ನಿಂತರು.

"ಅದ್ಯಾವ ಬಟ್ಟೆ ಕಣ್ರೀ, ಅಷ್ಟೊತ್ತಿಂದ ಉಜ್ತಿರೋದು?"

"ಕೊಳೆ ಜಾಸ್ತಿ ಇದೆ ಸಿಸ್ಟರ್," ಎಂದರು ಅಕ್ಕ, ತಲೆ ಎತ್ತದೆ.

ನರ್ಸಮ್ಮ ಬಕೆಟ್ಟು ಇಟ್ಟು ತಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತರು. ಹೀಗಾಗಿ ಅವರೂ ಸಾಕ್ಷಿಯಾದರು.

ಅಳೆಯಲು ನನ್ನ ಬಳಿ ಏನೂ ಇರಲಿಲ್ಲ. ಹೂ ಕಟ್ಟುವ ದಾರ ತಂದು ತೂತಿನ ಸುತ್ತಳತೆ ತೆಗೆದು, ಅದನ್ನು ನಾಲಿಗೆಗೆ ಸುತ್ತಿ ನೋಡುತ್ತಿದ್ದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದೆ. ಆಚಾರಿ ಬಂದು ಕಾಲನ್ನು ಕಸಿದುಕೊಂಡರು. ಇನ್ನು ಉಜ್ಜಿದರೆ ಹಲ್ಲುಕಡ್ಡಿಯಾಗುತ್ತದೆ ಎಂದರು.

ಕಾಲನ್ನು ತೂತಿಗೆ ಇಟ್ಟು ಒತ್ತಿದರು. ಮುಕ್ಕಾಲು ಇಳಿಯಿತು, ನಿಂತಿತು. ಅರ್ಧ ಅಂಗುಲ ಹೊರಗೆ. ಹಾಗೆ ಬಿಗಿಯಾಗಿ ನಿಲ್ಲುವುದೇ ಸರಿ, ಇನ್ನು ಬೇಕಾದ್ದು ಮೇಲಿಂದ ಒಂದು ಒಳ್ಳೆಯ ಏಟು ಎಂದರು. ಆಚಾರಿ ಅದರ ಮೇಲೆ ಭಾರ ಬಿಟ್ಟರು, ಆಗಲಿಲ್ಲ. ನಾನು ಭಾರ ಬಿಟ್ಟೆ. ಆಗ ನಾನು ಅರವತ್ತೊಂದು ಕಿಲೋ. ಆಗಲಿಲ್ಲ. ಅಕ್ಕ ಗೋಡೆಯ ಬದಿಯಿಂದ ಒಂದು ಗುಂಡುಕಲ್ಲನ್ನು ಎತ್ತಿಕೊಂಡರು. ಜಗುಲಿಯಿಂದ ದನಿ ಬಂತು:

"ಕಲ್ಲು ಕೆಳಗೆ ಇಡು ತಾಯಿ. ಕೈಯಾಗ್ ಇಡ್ಕೊಂಡು ಒಡೆದ್ರೆ ಅದೂ ಸುತ್ತಿಗೇನೇ."

ಅಂದರೆ ಅಜ್ಜಿ ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿದ್ದರು. ಒಗೆಯುವ ಕಲ್ಲಿನ ಬಗ್ಗೆ ಅವರು ಚಕಾರ ಎತ್ತಿರಲಿಲ್ಲ. ಇದನ್ನು ನಾನು ಆಗಲೇ ಗಮನಿಸಬೇಕಿತ್ತು, ಗಮನಿಸಿದ್ದು ಬಹಳ ದಿನಗಳ ಮೇಲೆ.

ಮೂರೂವರೆಗೆ ಅಜ್ಜಿ ದೃಷ್ಟಿ ತೆಗೆಯಲು ಎದ್ದರು. ಬೂದುಗುಂಬಳ ಕಾಯಿಗಳನ್ನು ಬೆಳಿಗ್ಗೆಯೇ, ಚಾಕುವಿಗೆ ಪೂಜೆಯಾಗುವ ಮುನ್ನ, ತೂತು ಮಾಡಿ ಕುಂಕುಮ ತುಂಬಿ ಇಟ್ಟಿದ್ದರು. ಮೇಲೆ ಕರ್ಪೂರ ಹಚ್ಚಿ, ಮೂರು ಸುತ್ತು ನಿವಾಳಿಸಿ, ನೆಲಕ್ಕೆ ಅಪ್ಪಳಿಸುವುದು. ಮೋಟಾರಿಗೆ ಒಂದು, ಸ್ಕೂಟರಿಗೆ ಒಂದು, ಗೇಟಿಗೆ ಒಂದು ಒಡೆದರು. ಎಪ್ಪತ್ತು ದಾಟಿದ ಕೈ ಎಂದು ಅನ್ನಿಸುತ್ತಿರಲಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಟ್ರ್ಯಾಕ್ಟರಿನದು. ಮಗ ಟ್ರ್ಯಾಕ್ಟರನ್ನು ತೊಳೆಯಲು ಕೆರೆಗೆ ಒಯ್ದವನು ಇನ್ನೂ ಬಂದಿರಲಿಲ್ಲ.

ಅಕ್ಕ ಆ ಕಾಯಿಯನ್ನು ನೋಡಿದರು. ನಾಲ್ಕನೆಯ ಕಾಲನ್ನು ನೋಡಿದರು. ಆಮೇಲೆ ಅಜ್ಜಿಯ ಎದುರಿಗೆ ಹೋಗಿ ಕೈಕಟ್ಟಿ ನಿಂತರು.

"ಅಜ್ಜಿ, ನನ್ನ ಮೇಜಿಗೂ ದೃಷ್ಟಿ ತೆಗೀರಿ. ಬೋಂಡಾದವನ ಕಣ್ಣು ಬಿದ್ದಿದೆ."

"ಮೇಜು ಆಯುಧವಾ?"

"ನಾಳೆಯಿಂದ ನಂಗೆ ಅದೇ ಆಯುಧ."

"ಆಯುಧ ಅಂದ್ರೆ ಪೂಜೆ ಮಾಡ್ಬೇಕು," ಎಂದರು ಅಜ್ಜಿ. "ಪೂಜೆ ಮಾಡಿದ್ರೆ ಒಂಬತ್ತು ಗಂಟೆ ತನ್ಕ ಎತ್ತಂಗಿಲ್ಲ."

ಅಕ್ಕನ ಮುಖ ಬಿತ್ತು. ಆಚಾರಿ ಬೀಡಿ ಹುಡುಕುವವರಂತೆ ಸೊಂಟ ತಡಕಿಕೊಂಡರು. ಅಜ್ಜಿ ಬಾಯೊಳಗಿನ ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದರು.

"ದೃಷ್ಟಿಗೆ ಆಯುಧಾನೇ ಆಗ್ಬೇಕಂತ ಇಲ್ಲ," ಎಂದರು ಕೊನೆಗೆ. "ಕೂಸಿಗೂ ತೆಗೀತೀವಿ, ಕರುವಿಗೂ ತೆಗೀತೀವಿ. ಪೂಜೆ ಬೇಡ. ಬರೀ ದೃಷ್ಟಿ."

ಟ್ರ್ಯಾಕ್ಟರಿನ ಕಾಯಿಯನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದರು. ಏಳು ಕಿಲೋ ಎಂದು ನನ್ನ ಅಂದಾಜು, ಹೆಚ್ಚು ಕಡಿಮೆ ಅರ್ಧ ಕಿಲೋ. ಆಚಾರಿ ಮೆಲ್ಲಗೆ ಬಗ್ಗಿ, ಒಂದು ಗೇಣುದ್ದದ ಹಲಗೆ ತುಂಡನ್ನು ನಾಲ್ಕನೆಯ ಕಾಲಿನ ತುದಿಯ ಮೇಲೆ ಇಟ್ಟು ಹಿಂದೆ ಸರಿದರು.

"ಅದ್ಯಾಕಪ್ಪ?" ಎಂದರು ಅಜ್ಜಿ.

"ಕಾಲಿಗೆ ಧೂಳು ಬೀಳ್ದೆ ಇರ್ಲಿ ಅಂತ."

ಅಜ್ಜಿ ಹೂಂ ಎಂದರು. ನನಗೆ ದೂರ ನಿಲ್ಲು ಎಂದರು. ಆಗಲೇ ನಾನು ಸಂಪಿನ ಮುಚ್ಚಳದ ಮೇಲೆ ಹೋಗಿ ನಿಂತದ್ದು. ಕರ್ಪೂರ ಹಚ್ಚಿದರು. ಎಡದಿಂದ ಮೂರು ಸುತ್ತು, ಬಲದಿಂದ ಮೂರು ಸುತ್ತು. ಬಾಯಲ್ಲಿ ಬಂದೋರ ಕಣ್ಣು, ಹೋದೋರ ಕಣ್ಣು ಎಂದು ಏನೋ ಗೊಣಗುತ್ತಿದ್ದರು, ಬೋಂಡಾ ಎಂಬ ಮಾತೂ ಕೇಳಿಸಿತು. ಆಮೇಲೆ ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು, ಅಜ್ಜಿ ಕಾಲುಗಳನ್ನು ಅಗಲ ಮಾಡಿ ಊರಿ ನಿಂತರು. ಮೋಟಾರು, ಸ್ಕೂಟರು, ಗೇಟಿಗೆ ಒಡೆದಾಗ ಹಾಗೆ ನಿಂತಿರಲಿಲ್ಲ. ಎರಡನೆಯದು, ಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿದರು, ಒನಕೆ ಎತ್ತುವ ಹಾಗೆ. ಮೂರನೆಯದು, ಅವರ ಮುಖ ನೆಲದ ಕಡೆಗಿತ್ತು. ಕಣ್ಣು ಎಲ್ಲಿತ್ತು ಎಂಬುದು ನನಗೆ ಕಾಣಲಿಲ್ಲ, ಕರ್ಪೂರದ ಹೊಗೆ ಅಡ್ಡ ಇತ್ತು. ಕಾಯಿ ಇಳಿಯಿತು. ಎರಡು ಸದ್ದಾದವು. ಒಂದು ಕಾಯಿ ಒಡೆದ ಸದ್ದು. ಅದರ ಒಳಗೇ ಇನ್ನೊಂದು, ಗಿಡ್ಡನೆಯ ಟಕ್ ಎಂಬ ಸದ್ದು, ನಾಲಿಗೆ ಪೂರ್ತಿ ಇಳಿದು ಕಾಲಿನ ಹೆಗಲು ಪಟ್ಟಿಗೆ ತಾಗಿದ್ದು. ಅದೇ ಗಳಿಗೆಯಲ್ಲಿ ಆ ಹಲಗೆ ತುಂಡು ಎದ್ದು ಬಂದು ನನ್ನ ಎಡಗಿವಿಗೂ ಗೋಡೆಗೂ ನಡುವೆ ಇದ್ದ ಜಾಗದಲ್ಲಿ ಹಾದುಹೋಯಿತು. ಆ ಜಾಗ ನಾಲ್ಕು ಬೆರಳಿಗಿಂತ ಹೆಚ್ಚಿರಲಿಲ್ಲ. ನನ್ನ ಅಂಗಿಯ ತುಂಬ ಬೀಜ, ತಿರುಳು, ಕುಂಕುಮ. ನರ್ಸಮ್ಮ ನನಗೇ ಏಟು ಬಿತ್ತೆಂದು ಎದ್ದು ಓಡಿ ಬಂದರು.

"ಅಯ್ಯೋ, ಕೈ ಜಾರ್ತು," ಎಂದರು ಅಜ್ಜಿ.

ಇಷ್ಟನ್ನು ಎಲ್ಲರೂ ಕೇಳಿದ್ದಾರೆ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಸೊಂಟಕ್ಕೆ ಕೈಕೊಟ್ಟು ಬಗ್ಗಿ, ದನಿ ತಗ್ಗಿಸಿ, ಆಚಾರಿಯನ್ನು ಕೇಳಿದರು:

"ಕೂತ್ಕಂತಾ?"

ಕೂತಿತ್ತು. ಆಚಾರಿ ಉಗುರು ತೂರಿಸಿ ನೋಡಿದರು, ಉಗುರು ಹೋಗಲಿಲ್ಲ. ಮೇಜನ್ನು ಮಗುಚಿ ನಿಲ್ಲಿಸಿದೆವು. ಅಕ್ಕ ಅದರ ಮೇಲೆ ಎರಡೂ ಕೈ ಊರಿ ಭಾರ ಬಿಟ್ಟು ನೋಡಿದರು. ಅಜ್ಜಿ ಅಂಗಳ ಬೇಗ ಗುಡಿಸಿ ಎಂದು ಗದರಿ ಒಳಗೆ ಹೋದರು. ಮಗ ಐದು ಗಂಟೆಗೆ ಹೊಳೆಯುವ ಟ್ರ್ಯಾಕ್ಟರು ತಂದು ನಿಲ್ಲಿಸಿದಾಗ ಅದಕ್ಕೆ ಒಂದು ನಿಂಬೆಹಣ್ಣು ಸಿಕ್ಕಿತು. ಕಾರ್ತಿಕದಲ್ಲಿ ಅದರ ಕ್ಲಚ್ಚು ಹೋಯಿತು. ಮಗ ಅದನ್ನು ಬಹಳ ವರ್ಷ ಅಕ್ಕನ ಮೇಜಿನ ಲೆಕ್ಕಕ್ಕೇ ಹಾಕುತ್ತಿದ್ದ.

ದಶಮಿಯ ಬೆಳಿಗ್ಗೆ ಐದೂ ನಲವತ್ತಕ್ಕೆ ನಾವು ಎರಡನೆಯ ಗೇಟಿನ ಬಳಿ ಇದ್ದೆವು. ಮೇಜು ಅಕ್ಕನ ತಲೆಯ ಮೇಲೆ, ಇಡ್ಲಿ ಪಾತ್ರೆ ಆಚಾರಿಯ ಹೆಗಲ ಮೇಲೆ, ಸಾಂಬಾರಿನ ಡಬರಿ ನನ್ನ ಕೈಯಲ್ಲಿ. ಹೊಂಗೆಯ ಕೆಳಗೆ ಇಳಿಜಾರಿಗೆ ತಕ್ಕ ಹಾಗೆ ಎರಡು ಚಪ್ಪಟೆ ಕಲ್ಲು ಕೊಟ್ಟು ಮೇಜು ನಿಲ್ಲಿಸಿದೆವು. ಆರಕ್ಕೆ ಸೈರನ್ ಆಯಿತು. ಮೇಸ್ತ್ರಿ ಬಂದು ಮೇಜಿನ ಎರಡು ಮೂಲೆ ಹಿಡಿದು ಜೋರಾಗಿ ಅಲ್ಲಾಡಿಸಿದರು. ಸಾಂಬಾರು ಡಬರಿಯಲ್ಲಿ ಅಲುಗಿತು, ಮೇಜು ಅಲುಗಲಿಲ್ಲ. ಹಲಗೆಯ ಮೇಲಿನ ಕೊಡೆಯ ಗುರುತನ್ನು ನೋಡಿ ಇದು ಯಾವ ಕಂಪನಿಯದು ಎಂದು ಕೇಳಿದರು. ನಾಲ್ಕು ಇಡ್ಲಿ ಕೊಡಿ ಎಂದರು.

ಬೋಂಡಾದವನು ಆರೂ ಹತ್ತಕ್ಕೆ ಬಂದ. ಗಾಡಿಗೆ ಹೊಸ ನೀಲಿ ಬಣ್ಣ, ಬಾಳೆಕಂದು. ಅವನು ಮೇಜನ್ನು ಒಂದು ಸುತ್ತು ಹಾಕಿ, ಹಲಗೆಯ ಸಂದಿನಲ್ಲಿ ಇಣುಕಿ ನೋಡಿದ. ಅಲ್ಲಿ ಇನ್ನೂ ಎರಡು ಮೂರು ಬೀಜ ಅಂಟಿಕೊಂಡಿದ್ದವು.

"ಏನಕ್ಕಾ, ಮೇಜಿಗೆ ಕುಂಬಳಕಾಯಿ ತಿನ್ಸಿ ಬೆಳೆಸಿದ್ದೀಯಾ?"

"ಕೂತ್ಕೊಳಣ್ಣ, ಇಡ್ಲಿ ತಿಂದ್ಕೊಂಡು ಹೋಗು," ಎಂದರು ಅಕ್ಕ.

ಅವನು ಗಾಡಿಯನ್ನು ಮೊದಲನೆಯ ಗೇಟಿನ ಕಡೆಗೆ ತಳ್ಳಿಕೊಂಡು ಹೋದ. ಹೊಂಗೆಯ ನೆರಳು ಅಂದಿನಿಂದ ಅಕ್ಕನದಾಯಿತು. ರಸ್ತೆ ಅಗಲ ಮಾಡಲು ಮರ ಕಡಿಯುವ ತನಕ ಅವರದೇ ಆಗಿತ್ತು.

ಯಜಮಾನಿ ಈಗಿಲ್ಲ. ಕೊನೆಯ ತನಕ ಅವರು ಕೈ ಜಾರಿತು ಎಂದೇ ಹೇಳಿದರು, ಹೇಳುವಾಗಲೆಲ್ಲ ಎಲೆಯನ್ನು ಕೆನ್ನೆಯಿಂದ ಕೆನ್ನೆಗೆ ದಾಟಿಸುತ್ತಿದ್ದರು. ಅಂದು ಅಂಗಳದಲ್ಲಿದ್ದು ಇಂದಿಗೂ ಬದುಕಿರುವವರು ನಾನಲ್ಲದೆ ಮೂವರು. ಆಚಾರಿ, ಹೊಸಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ತಾನು ಕಣ್ಣು ಮುಚ್ಚಿ ಕೈ ಮುಗಿದಿದ್ದೆ, ಏನೂ ನೋಡಲಿಲ್ಲ ಎನ್ನುತ್ತಾರೆ. ನರ್ಸಮ್ಮ, ಬ್ರೂಕ್‌ಫೀಲ್ಡ್‌ನಲ್ಲಿ ಮಗನ ಫ್ಲಾಟಿನಲ್ಲಿದ್ದಾರೆ, ಅವರು ನೋಡಿದ್ದು ನನ್ನ ಅಂಗಿಯನ್ನು. ಅಕ್ಕ, ಕುಂದಲಹಳ್ಳಿಯಲ್ಲಿದ್ದಾರೆ, ಅವರ ಕಣ್ಣು ಮೊದಲಿಂದ ಕೊನೆಯವರೆಗೂ ನಾಲ್ಕನೆಯ ಕಾಲಿನ ಮೇಲೆಯೇ ಇತ್ತು.